ನಿಂತು ನಿಂತು ಓಡುವವರು

ಇಂಗ್ಲೆಂಡಿನ ಓಟದ ಕ್ಲಬ್‌ಗಳಲ್ಲಿ ವರ್ಷವಿಡೀ ಒಂದೇ ಮಾತು, ಟೈಮಿಂಗ್. ಯಾರು ಐದು ಕಿಲೋಮೀಟರ್ ಎಷ್ಟು ನಿಮಿಷಕ್ಕೆ ಓಡಿದರು, ಯಾರ ಮಂಡಿ ಕೈಕೊಟ್ಟಿತು, ಯಾರು ಹೊಸ ಶೂ ತಗೊಂಡು ನಾಲ್ಕು ಸೆಕೆಂಡ್ ಉಳಿಸಿದರು. ಡಿಸೆಂಬರ್ ಬಂದಾಗ ಮಾತ್ರ ಒಂದು ಸಂಜೆ ಇದಕ್ಕೆಲ್ಲ ರಜೆ. ಅವತ್ತು ಕ್ಲಬ್ಬಿನವರು ಸಾಂತಾ ಟೋಪಿ ಹಾಕಿಕೊಂಡು, ಕೊರಳಿಗೆ ಮಿಣಮಿಣ ಅನ್ನುವ ದೀಪದ ಸರ ಸುತ್ತಿಕೊಂಡು, ಒಂದು ಪಬ್‌ನಿಂದ ಇನ್ನೊಂದು ಪಬ್‌ಗೆ ಓಡುತ್ತಾರೆ. ಅಲ್ಲಿ ಒಂದು ಗ್ಲಾಸ್, ಒಂದಿಷ್ಟು ಹರಟೆ, ಮತ್ತೆ ಓಟ. ಹೀಗೆ ನಾಲ್ಕೋ ಐದೋ ಪಬ್. ಇದು ಕ್ರಿಸ್‌ಮಸ್ ಪಬ್ ರನ್.

ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೋ, ಬಾರ್‌ಗೆ ನಡ್ಕೊಂಡು ಹೋದ್ರೆ ಆಗಲ್ವಾ? ಅಷ್ಟು ಅರ್ಜೆಂಟಾ?" ಅಂದರು. ನಾನು ಕುಡಿಯೋದು ಬರೀ ಲೈಮ್ ಸೋಡಾ ಅಂದೆ. "ಹಾಗಾದ್ರೆ ಓಡೋದು ಯಾಕೆ?" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಓಟಕ್ಕೂ ಪಬ್‌ಗೂ ಇರುವ ನಂಟು ಮಾತ್ರ ಇವತ್ತು ನಿನ್ನೆಯದಲ್ಲ. 1868ರಲ್ಲಿ ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ ಥೇಮ್ಸ್ ಹೇರ್ ಅಂಡ್ ಹೌಂಡ್ಸ್ ಅನ್ನುವ ಕ್ಲಬ್ ಶುರುವಾಯಿತು. ಕ್ರಾಸ್ ಕಂಟ್ರಿ ಓಟಕ್ಕೆಂದೇ, ಅಂದರೆ ಬಯಲು ಕಾಡುಗಳಲ್ಲಿ ಓಡುವುದಕ್ಕೆಂದೇ, ಹುಟ್ಟಿದ ಕ್ಲಬ್‌ಗಳಲ್ಲಿ ಜಗತ್ತಿನಲ್ಲೇ ಹಳೆಯದು ಅದು. ಅವರ ಓಟ ಹೊರಡುತ್ತಿದ್ದದ್ದು ಕಿಂಗ್ಸ್ ಹೆಡ್ ಎಂಬ ಪಬ್ಬಿನಿಂದ. ಯೋಚಿಸಿದರೆ ಸಹಜವೇ. ಬಟ್ಟೆ ಬದಲಿಸಲು ಒಂದು ಕೋಣೆ, ಕೆಸರು ತೊಳೆಯಲು ನೀರು, ಆಮೇಲೆ ಹೊಟ್ಟೆಗೊಂದಿಷ್ಟು, ಇಷ್ಟೂ ಒಂದೇ ಸೂರಿನಡಿ ಸಿಗುವ ಜಾಗ ಬೇರೆ ಯಾವುದಿತ್ತು? ಅದಕ್ಕೂ ಮುಂಚೆ ಬಾಜಿ ಕಟ್ಟಿ ಓಡುವವರ, ನಡೆಯುವವರ ಕಾಲದಲ್ಲಿ ಪಬ್ ಮಾಲೀಕರೇ ಪಂದ್ಯ ಏರ್ಪಡಿಸುತ್ತಿದ್ದರು, ಪಂದ್ಯ ಮುಗಿಯುವವರೆಗೆ ಪಣದ ದುಡ್ಡನ್ನೂ ಅವರೇ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದರು. ನೋಡಲು ಬಂದವರಿಗೆ ಬಾಯಾರುತ್ತದಲ್ಲ!

ಈ ನಂಟನ್ನು ಎಗ್ಗಿಲ್ಲದೆ ಒಪ್ಪಿಕೊಂಡವರೆಂದರೆ ಹ್ಯಾಶ್ ಹೌಸ್ ಹ್ಯಾರಿಯರ್ಸ್. 1938ರಲ್ಲಿ ಕ್ವಾಲಾಲಂಪುರದಲ್ಲಿದ್ದ ಬ್ರಿಟಿಷರು ಕೆಲವರು ಸೇರಿ ಇದನ್ನು ಕಟ್ಟಿದರು. ಸೆಲಂಗೋರ್ ಕ್ಲಬ್ಬಿನಲ್ಲಿ ತಾವು ಉಣ್ಣುತ್ತಿದ್ದ ಊಟದ ಮನೆಯನ್ನು ಅವರು ಹ್ಯಾಶ್ ಹೌಸ್, ಅಂದರೆ ಅಗ್ಗದ ಊಟದ ಅಂಗಡಿ, ಅಂತ ಆಡಿಕೊಳ್ಳುತ್ತಿದ್ದರು, ಆ ಅಡ್ಡಹೆಸರೇ ಓಟಕ್ಕೂ ಅಂಟಿತು. ಒಬ್ಬ ಮೊಲವಾಗಿ ಮುಂದೆ ಓಡಿ ಗುರುತು ಹಾಕುತ್ತ ಹೋಗಬೇಕು, ಉಳಿದವರು ಆ ಜಾಡು ಹಿಡಿದು ಹಿಂದೆ ಓಡಬೇಕು. ಕೊನೆಗೆ ಬಿಯರ್. 1950ರಲ್ಲಿ ಸರ್ಕಾರಕ್ಕೆ ನೋಂದಣಿ ಮಾಡಿಸುವಾಗ ತಮ್ಮ ಉದ್ದೇಶಗಳನ್ನೂ ಬರೆದುಕೊಟ್ಟರು. ಸದಸ್ಯರ ಮೈ ಗಟ್ಟಿ ಮಾಡುವುದು, ವಾರಾಂತ್ಯದ ಹ್ಯಾಂಗೋವರ್ ಇಳಿಸುವುದು, ಚೆನ್ನಾಗಿ ಬಾಯಾರಿಸಿಕೊಂಡು ಅದನ್ನು ಬಿಯರಿನಿಂದ ತಣಿಸುವುದು, ನಿಮಗೆ ಅನ್ನಿಸುವಷ್ಟೇನೂ ವಯಸ್ಸಾಗಿಲ್ಲ ಅಂತ ಹಿರಿಯ ಸದಸ್ಯರನ್ನು ನಂಬಿಸುವುದು. ಸರ್ಕಾರಿ ಕಾಗದದಲ್ಲಿ ಇಷ್ಟು ನಿಜ ಬರೆದ ಸಂಘ ಇನ್ನೊಂದಿದೆಯೋ ಇಲ್ಲವೋ.

ಕುಡಿದರೆ ಕಾಲಿಗೆ ಬಲ ಬರುತ್ತದೆ ಅಂತ ಒಂದು ಕಾಲದಲ್ಲಿ ನಿಜವಾಗಿಯೂ ನಂಬಿದ್ದರು. 1908ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ದಕ್ಷಿಣ ಆಫ್ರಿಕಾದ ಚಾರ್ಲ್ಸ್ ಹೆಫರನ್ ಮುಂದಿದ್ದ. ಇನ್ನೇನು ಮುಗಿಯಿತು ಅನ್ನುವಾಗ ಯಾರೋ ಷಾಂಪೇನ್ ಕೊಟ್ಟರು, ಕುಡಿದ. ಹೊಟ್ಟೆ ಹಿಡಿದುಕೊಂಡಿತು. ಹಿಂದಿದ್ದ ಇಟಲಿಯ ಡೊರಾಂಡೊ ಪಿಯೆಟ್ರಿ ದಾಟಿಕೊಂಡು ಹೋದ. ಪಿಯೆಟ್ರಿ ಸ್ಟೇಡಿಯಮ್ಮಿನೊಳಗೆ ಬಿದ್ದು, ಬೇರೆಯವರ ಕೈ ಹಿಡಿದು ಗೆರೆ ದಾಟಿದ್ದಕ್ಕೆ ಅನರ್ಹನಾದ. ಅಮೆರಿಕದ ಜಾನಿ ಹೇಯ್ಸ್ ಚಿನ್ನ ಗೆದ್ದ, ಹೆಫರನ್‌ಗೆ ಬೆಳ್ಳಿ. ಬಿದ್ದ ಪಿಯೆಟ್ರಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೇನೋ ಆ ಷಾಂಪೇನ್ ಗ್ಲಾಸಿನ ಮೇಲೇ ಕಣ್ಣು.

ಪಬ್ ರನ್ನಿನಲ್ಲಿ ಪದಕದ ಆಸೆ ಇಲ್ಲದ್ದರಿಂದ ಅಂಥ ಅಪಾಯ ಕಡಿಮೆ. ಆದರೂ ಬಲ್ಲವರು ಪೈಂಟ್ ಕೇಳುವುದಿಲ್ಲ, ಹಾಫ್ ಕೇಳುತ್ತಾರೆ. ಪೈಂಟ್ ಅಂದರೆ 568 ಮಿಲಿ ಲೀಟರ್, ಹಾಫ್ ಅದರ ಅರ್ಧ. ಶೇ. 4ರ ಬಿಯರ್ ಆದರೆ ನಾಲ್ಕು ಪಬ್‌ಗೆ ನಾಲ್ಕು ಹಾಫ್, ಅಂದರೆ ಅಲ್ಲಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಯೂನಿಟ್ ಆಲ್ಕೋಹಾಲ್ (ಒಂದು ಯೂನಿಟ್ ಅಂದರೆ 10 ಮಿಲಿ ಲೀಟರ್ ಶುದ್ಧ ಆಲ್ಕೋಹಾಲ್). ಲಿವರ್ ಗಂಟೆಗೆ ಒಂದು ಯೂನಿಟ್‌ನಷ್ಟನ್ನು ಕರಗಿಸುತ್ತದೆ. ಎಷ್ಟು ಜೋರಾಗಿ ಓಡಿದರೂ ಅದು ತನ್ನ ಕೆಲಸ ಬೇಗ ಮುಗಿಸುವುದಿಲ್ಲ. ಹಾಗಾಗಿ ಅವತ್ತು ಕಾರು ಮನೆಯಲ್ಲೇ. ಓಡಿದರೆ ಕುಡಿದದ್ದೆಲ್ಲ ಬೆವರಾಗಿ ಹೋಗುತ್ತದೆ ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ವಾದಿಸುತ್ತಾರೆ. ಬೆವರಿನಲ್ಲಿ ಹೋಗುವುದು ತೀರಾ ಸ್ವಲ್ಪ. ಇನ್ನೊಂದು ದಾರಿಯಲ್ಲಿ ನೀರು ಮಾತ್ರ ಧಾರಾಳವಾಗಿ ಹೋಗುತ್ತದೆ. ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ. ಮೂರನೇ ಪಬ್ಬಿನಲ್ಲಿ ಬಾರ್ ಮುಂದೆ ಇರುವುದಕ್ಕಿಂತ ಜಾಸ್ತಿ ಜನ ಟಾಯ್ಲೆಟ್ ಮುಂದೆ ಇರುವುದು ಇದಕ್ಕೇ.

ಇದಕ್ಕಿಂತ ದೊಡ್ಡ ಕಾಟ ಗ್ಯಾಸಿನದು. ಇದರಲ್ಲಿ ನನ್ನ ಲೈಮ್ ಸೋಡಾಕ್ಕೂ ರಿಯಾಯಿತಿ ಇಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಮಾಡಿದವರು ಹೊಟ್ಟೆ ತುಂಬ ಸೋಡಾ ಕುಡಿದು ಓಡಿ ನೋಡಿರಲಿಕ್ಕಿಲ್ಲ. ಪಬ್‌ನಿಂದ ಹೊರಬಿದ್ದ ಮೊದಲ ಇನ್ನೂರು ಮೀಟರ್ ಪೂರ್ತಿ ತೇಗಿನ ಸಾಲು. ಸಾಂತಾ ಟೋಪಿ ಹಾಕಿಕೊಂಡ ಗಣ್ಯರು, ಅವರಲ್ಲಿ ಮೇಷ್ಟ್ರು ಇರುತ್ತಾರೆ, ವಕೀಲರು ಇರುತ್ತಾರೆ, ಒಬ್ಬರಾದ ಮೇಲೊಬ್ಬರು ಕತ್ತಲಲ್ಲಿ ತೇಗುತ್ತ "ಸಾರಿ" ಅನ್ನುತ್ತ ಓಡುತ್ತಾರೆ. ಯಾರಿಗೆ ಹೇಳಿದ ಸಾರಿಯೋ, ಯಾರೂ ತಿರುಗಿ ನೋಡುವುದಿಲ್ಲ.

ದಾರಿ ಹಾಕುವವರ ಜಾಣತನ ತಿಳಿಯುವುದೂ ಇಲ್ಲೇ. ಮೊದಲ ಓಟ ಉದ್ದವಾಗಿರಬೇಕು, ಆಮೇಲೆ ಪ್ರತಿ ಸಲವೂ ಗಿಡ್ಡವಾಗುತ್ತ ಹೋಗಬೇಕು. ಏರು ಇದ್ದರೆ ಮೊದಲ ಪಬ್‌ಗೆ ಮುಂಚೆ, ಕಾಲುವೆ ದಂಡೆ ಇದ್ದರೆ ಅದೂ ಮುಂಚೆಯೇ. ಎರಡು ಗ್ಲಾಸ್ ಇಳಿಸಿದವರನ್ನು ಕತ್ತಲಲ್ಲಿ ನೀರಿನ ಪಕ್ಕ ಓಡಿಸಬಾರದು. ಇಂಗ್ಲೆಂಡಿನ ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಎಲ್ಲರ ಹಣೆಗೂ ಹೆಡ್‌ಟಾರ್ಚ್ ಬೇಕು. ಕ್ರಿಸ್‌ಮಸ್‌ಗೆ ಮುಂಚಿನ ಕೊನೆಯ ಶುಕ್ರವಾರವನ್ನು ತಪ್ಪಿಸಬೇಕು. ಅವತ್ತು ಊರಿನ ಆಫೀಸುಗಳೆಲ್ಲ ಪಬ್ಬಿನಲ್ಲೇ ಇರುತ್ತವೆ. ಪಬ್ಬಿನವರಿಗೆ ಮೊದಲೇ ಫೋನ್ ಮಾಡಿ ತಿಳಿಸಿರಬೇಕು. ಇಪ್ಪತ್ತೈದು ಜನ ಬೆವರುತ್ತ, ಕೆಸರು ಶೂ ಹಾಕಿಕೊಂಡು ಕಾರ್ಪೆಟ್ ಮೇಲೆ ಏಕಾಏಕಿ ಬಂದು ನಿಂತರೆ ಯಾರಿಗೆ ತಾನೇ ಖುಷಿ? ನಮ್ಮ ಕ್ಲಬ್ಬಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಹೆಂಗಸೊಬ್ಬರು ಅಕ್ಟೋಬರಿನಲ್ಲೇ ದಾರಿಯನ್ನು ಒಬ್ಬರೇ ಓಡಿ ಪರೀಕ್ಷೆ ಮಾಡುತ್ತಾರೆ. ಪಬ್‌ಗಳನ್ನೂ ಪರೀಕ್ಷೆ ಮಾಡುತ್ತಾರಾ ಅಂತ ಯಾರೂ ಕೇಳಿಲ್ಲ.

ದಾರಿ ಹೇಳುವುದು ಮಾತ್ರ ಸುಲಭ. ರೆಡ್ ಲಯನ್ ಪಬ್ ದಾಟಿ ಎಡಕ್ಕೆ, ವೈಟ್ ಹಾರ್ಟ್ ಪಬ್ ಎದುರಿಗೆ ಬಲಕ್ಕೆ. 1393ರಲ್ಲಿ ಎರಡನೇ ರಿಚರ್ಡ್ ರಾಜ ಲಂಡನ್ನಿನಲ್ಲಿ ಏಲ್ ಎಂಬ ಬಿಯರ್ ಮಾರುವವರೆಲ್ಲ ಹೊರಗೆ ಬೋರ್ಡ್ ತೂಗುಹಾಕಬೇಕು ಎಂದು ಕಟ್ಟಳೆ ಮಾಡಿದ, ತಪಾಸಣೆಗೆ ಬರುವವರಿಗೆ ಅಂಗಡಿ ಗೊತ್ತಾಗಲಿ ಎಂದು. ವೈಟ್ ಹಾರ್ಟ್ ಅಂದರೆ ಬಿಳಿ ಗಂಡು ಜಿಂಕೆ, ಅದು ಅವನದೇ ಲಾಂಛನ. ಆರು ಶತಮಾನ ಕಳೆದ ಮೇಲೆ ಅದೇ ಬೋರ್ಡು ಮಂಜಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಓಡುವ ನಮ್ಮಂಥವರಿಗೂ ಉಪಯೋಗಕ್ಕೆ ಬರುತ್ತಿದೆ.

ವೇಷದ ಬಗ್ಗೆ ಹೇಳಲೇಬೇಕು. ಕ್ರಿಸ್‌ಮಸ್ ಸ್ವೆಟರ್ ಓಡುವುದಕ್ಕೆ ಹೊಲಿದದ್ದಲ್ಲ. ಒಂದು ಮೈಲಿಗೆ ಒಳಗೆಲ್ಲ ಬೆಂದುಹೋಗುತ್ತದೆ, ಪಬ್ಬಿನ ಬೆಂಕಿಗೂಡಿನ ಪಕ್ಕ ನಿಂತರೆ ಮೈಯಿಂದ ಆವಿ ಏಳುತ್ತದೆ. ಹಿಮಸಾರಂಗದ ಕೊಂಬು ಹಾಕಿಕೊಂಡವರು ಬಾಗಿಲಲ್ಲಿ ಬಗ್ಗಲು ಮರೆಯುತ್ತಾರೆ. ಒಬ್ಬ ಮಹಾಶಯ ಪೂರ್ತಿ ಕ್ರಿಸ್‌ಮಸ್ ಮರವಾಗಿ ಬಂದಿದ್ದ. ಕೂರಲಾಗದೆ ಸಂಜೆಯಿಡೀ ಪ್ರತಿ ಪಬ್ಬಿನಲ್ಲೂ ಒಂದು ಮೂಲೆಯಲ್ಲಿ ನಿಂತೇ ಇದ್ದ. ಹೊರಗಿನಿಂದ ಬಂದ ಯಾರೋ ಅವನನ್ನು ನಿಜವಾದ ಮರವೆಂದು ತಿಳಿದು ಅವನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಹೊರಟರು. ಅವನು ಸುಮ್ನೆ ನಿಂತ. ಆ ತಾಳ್ಮೆಗೆ ಬಹುಮಾನ ಕೊಡಬೇಕಿತ್ತು.

ಇಷ್ಟೆಲ್ಲ ಇದ್ದರೂ ಈ ಓಟ ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಗುಂಪಿನ ಕೊನೆಯಲ್ಲಿ ಓಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾಮೂಲಿ ದಿನಗಳಲ್ಲೂ ಕ್ಲಬ್ಬಿನವರು ಒಳ್ಳೆಯವರೇ. ಮುಂದೆ ಹೋದವರು ತಿರುವಿನಲ್ಲಿ, ಗೇಟಿನ ಹತ್ತಿರ, ಹಿಂದಿನವರಿಗಾಗಿ ಕಾಯುತ್ತಾರೆ. ಕಾಯುತ್ತ ಮಾತಾಡುತ್ತಾರೆ, ಕಾಲು ಚಾಚುತ್ತಾರೆ, ಉಸಿರು ಸರಿ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ನಾನು ಏದುಸಿರು ಬಿಡುತ್ತ ಬಂದು ಸೇರುತ್ತೇನೆ. "ಎಲ್ಲಾ ಬಂದ್ರಾ? ಸರಿ, ಹೊರಡೋಣ!" ಅಂತ ಹೊರಟೇಬಿಡುತ್ತಾರೆ. ಜಾಸ್ತಿ ಸುಸ್ತಾದವನಿಗೆ ಕಡಿಮೆ ವಿಶ್ರಾಂತಿ, ಸುಸ್ತೇ ಆಗದವರಿಗೆ ಜಾಸ್ತಿ. ಯಾರೂ ಬೇಕಂತ ಮಾಡಿದ ಅನ್ಯಾಯವಲ್ಲ. ಆದರೆ ಜಗತ್ತಿನ ಯಾವ ಕ್ಲಬ್ಬಿನಲ್ಲೂ ಇದಕ್ಕೆ ಪರಿಹಾರ ಸಿಕ್ಕಿದ ಹಾಗಿಲ್ಲ.

ಪಬ್ ರನ್ನಿನಲ್ಲಿ ಅದು ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ. ಕೊನೆಗೆ ಬಂದವನ ಗ್ಲಾಸ್ ಖಾಲಿಯಾಗುವವರೆಗೆ ಯಾರೂ ಹೊರಡುವ ಹಾಗಿಲ್ಲ. ಕುಡಿಯುತ್ತಿರುವವನನ್ನು ಬೇಗ ಮುಗಿಸು ಅನ್ನುವುದು ಅಲ್ಲಿ ಅಸಭ್ಯತೆ. ನಾನು ಬಾರ್ ಮುಂದೆ ನಿಂತು, ಆರ್ಡರ್ ಕೊಟ್ಟು, ಗ್ಲಾಸ್ ಹಿಡಿದು, ಐಸ್ ಅಲ್ಲಾಡಿಸುತ್ತ ಕೂತರೆ, ಮ್ಯಾರಥಾನನ್ನು ಮೂರು ಗಂಟೆಯೊಳಗೆ ಓಡುವವರೂ ಕಾಯಬೇಕು. ಸಣ್ಣ ಮೈಯವರು ಅವರು, ಬೇಗ ಬೆವರು ಆರಿ ನಡುಗುತ್ತಾರೆ. ಕುಡಿದ ಮೇಲೆ ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಹೋಗುತ್ತಿರುತ್ತದೆ. ಹೊರಗೆ ಕಾಲಿಟ್ಟ ಕೂಡಲೇ ಚಳಿ ಕಚ್ಚುತ್ತದೆ. ಎರಡನೇ ಪಬ್ಬಿನಿಂದಾಚೆಗೆ ಅವರು ತಾವಾಗಿಯೇ ನಿಧಾನ ಓಡಲು ಶುರು ಮಾಡುತ್ತಾರೆ. ಬೇಗ ಹೋಗಿ ಒಬ್ಬರೇ ನಡುಗುವುದರಲ್ಲಿ ಏನಿದೆ ಲಾಭ? ವರ್ಷವಿಡೀ ಹಿಂದಿನವರಿಗೆ ಮುಂದಿನವರ ವೇಗದ ಪಾಠ. ಈ ಒಂದು ಸಂಜೆ ಮುಂದಿನವರಿಗೆ ಕಾಯುವ ಪಾಠ.

ಜತೆಗೆ ಮುಖಗಳೂ ಕಾಣುತ್ತವೆ. ಅಕ್ಟೋಬರ್ ಕೊನೆಗೆ ಚಳಿಗಾಲಕ್ಕೆಂದು ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ಸಂಜೆಯ ಓಟವೆಲ್ಲ ಕತ್ತಲಲ್ಲೇ. ಎದುರಿಗಿದ್ದವರು ನಮ್ಮ ಕಡೆ ತಿರುಗಿದರೆ ಹೆಡ್‌ಟಾರ್ಚ್ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಯಾರೂ ಯಾರನ್ನೂ ನೆಟ್ಟಗೆ ನೋಡುವುದಿಲ್ಲ. ಅವರವರ ಮೀನಖಂಡ, ಶೂ ಬಣ್ಣ, ಉಸಿರಿನ ಸದ್ದಿನಿಂದಲೇ ಗುರುತು. ಪಬ್ಬಿನ ದೀಪದಡಿ ಟೋಪಿ ತೆಗೆದಾಗ, "ಓ, ನೀವೇನಾ ಹಸಿರು ಶೂ!" ಅಂತ ಗೊತ್ತಾಗುತ್ತದೆ. ಹಸಿರು ಶೂ ಅಂದರೆ ಹಲ್ಲಿನ ಡಾಕ್ಟರ್, ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಅವರ ಮಂಡಿಯ ಕಷ್ಟಸುಖವೆಲ್ಲ ನನಗೆ ಗೊತ್ತಿತ್ತು, ಹೆಸರೊಂದು ಬಿಟ್ಟು.

ಬರೀ ಸೋಡಾ ಕುಡಿಯುವವನನ್ನು ಯಾರಾದರೂ ಆಡಿಕೊಳ್ಳುತ್ತಾರಾ? ಇತ್ತೀಚೆಗೆ ಇಲ್ಲ. ಆಲ್ಕೋಹಾಲ್ ಇಲ್ಲದ ಬಿಯರ್ ಈಗ ಪಬ್‌ಗಳಲ್ಲಿ ಮಾಮೂಲು. ಓಟಗಾರರು ಅದನ್ನು ಔಷಧಿಯ ಗಾಂಭೀರ್ಯದಿಂದ ಕುಡಿಯುತ್ತಾರೆ. 2009ರ ಮ್ಯೂನಿಕ್ ಮ್ಯಾರಥಾನಿನ ಓಟಗಾರರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಓಟದ ಹಿಂದುಮುಂದಿನ ವಾರಗಳಲ್ಲಿ ಅದನ್ನು ಕುಡಿದವರಿಗೆ ನೆಗಡಿ, ಗಂಟಲು ಕಾಟ ಕಡಿಮೆಯಾಗಿತ್ತಂತೆ. ಈ ಸುದ್ದಿಯನ್ನು ನನಗೆ ಹೇಳಿದವರು ಮಾತ್ರ ಕೈಯಲ್ಲಿ ಅಸಲಿ ಬಿಯರ್ ಹಿಡಿದಿದ್ದರು.

ಇನ್ನು ವಾಚುಗಳ ಗೋಳು. ಹೊರಗೆ ನಿಂತು ಸ್ಟಾಪ್ ಒತ್ತುವವರು ಕೆಲವರು, ಮರೆತು ಒಳಗೆ ಬರುವವರು ಕೆಲವರು. ಸೂರಿನಡಿ ಜಿಪಿಎಸ್‌ಗೆ ದಿಕ್ಕು ತಪ್ಪುತ್ತದೆ. ಮರುದಿನ ನಕ್ಷೆ ತೆರೆದರೆ ರಸ್ತೆಯುದ್ದಕ್ಕೂ ನೆಟ್ಟಗೆ ಗೆರೆ, ಒಂದೊಂದು ಪಬ್ಬಿನ ಮೇಲೂ ಮಗು ಗೀಚಿದಂಥ ಸಿಕ್ಕು. ಕೂತಲ್ಲೇ ಮುನ್ನೂರು ಮೀಟರ್ ಓಡಿದ ಲೆಕ್ಕ. ಸೆಕೆಂಡಿಗೆ ಪ್ರಾಣ ಬಿಡುವ ಒಬ್ಬರು ಆ ಮುನ್ನೂರು ಮೀಟರನ್ನು ತೆಗೆಯದೆ ಹಾಗೇ ಇಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ.

ಕೊನೆಯ ಪಬ್ಬಿನಲ್ಲಿ ಚಿಪ್ಸ್ ಬಂದ ಮೇಲೆ ಮುಂದಿನ ವರ್ಷದ ಚರ್ಚೆ ಶುರು. ದಾರಿಯನ್ನು ಉಲ್ಟಾ ಮಾಡೋಣ, ಬೆಟ್ಟದ ಮೇಲಿನ ಪಬ್ ಕೊನೆಗಿರಲಿ, ಅಲ್ಲಿಂದ ಊರಿನ ದೀಪವೆಲ್ಲ ಕಾಣುತ್ತದೆ ಅನ್ನುವುದು ವೇಗದವರ ಪಟ್ಟು. ಅಂದರೆ ಮೂರು ಗ್ಲಾಸ್ ಆದ ಮೇಲೆ ಏರು ಹತ್ತಬೇಕು. ಮಾತು ಕೈ ಎತ್ತುವ ಮಟ್ಟಕ್ಕೆ ಬಂತು. ಕ್ರಿಸ್‌ಮಸ್ ಮರ, ಹಸಿರು ಶೂ, ನಾನು, ಮತ್ತೆ ಬಾಗಿಲ ಹತ್ತಿರ ಆಗ ತಾನೇ ಬಂದು ಏದುತ್ತಿದ್ದ ಮೂವರು, ಎಲ್ಲರೂ ಒಟ್ಟಿಗೆ ವಿರುದ್ಧ ಕೈ ಎತ್ತಿದೆವು. ಮರದ ಎರಡೂ ಕೊಂಬೆಗಳನ್ನು ಎಣಿಸಬೇಕೋ ಒಂದನ್ನೋ ಅಂತ ಇನ್ನೂ ತೀರ್ಮಾನವಾಗಿಲ್ಲ.