"ಅವೇ ಹೊಂದ್ಕೊಳ್ತವೆ ಬಿಡಿ" ಅನ್ನೋರಿಗೆ

ಮೊಲ ಸಾಕುವವರಿಗೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಪುಕ್ಕಟೆಯಾಗಿ ಸಿಗುವ ಸಲಹೆ ಒಂದೇ. "ಪಾಪ, ಒಂಟಿಯಾಗಿದೆ, ಇನ್ನೊಂದು ತಂದು ಜೊತೆಗೆ ಬಿಡಿ. ನಾಲ್ಕು ದಿನ ಕಿತ್ತಾಡಿ ಅವೇ ಹೊಂದ್ಕೊಳ್ತವೆ." ಮೊದಲ ಅರ್ಧ ಸರಿ, ಮೊಲಕ್ಕೆ ಜೊತೆ ಬೇಕು. ಎರಡನೇ ಅರ್ಧ ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೊಲ ಸಾಧು ಪ್ರಾಣಿ ಅನ್ನುವವರು ಬೆಳೆದ ಎರಡು ಮೊಲ ಕಿತ್ತಾಡೋದನ್ನು ನೋಡಿಲ್ಲ, ಅಷ್ಟೇ. ಕಚ್ಚಿ ಹಿಡಿದು ಗಿರಗಿರ ಸುತ್ತುತ್ತವೆ, ಹಿಂಗಾಲಲ್ಲಿ ಹೊಟ್ಟೆಗೆ ಒದೆಯುತ್ತವೆ. ಅವುಗಳ ಚರ್ಮ ತೆಳು, ಬೇಗ ಹರಿಯುತ್ತದೆ. ಕೂದಲೊಳಗಿನ ಗಾಯ ಎಷ್ಟೋ ಸಲ ಕೀವು ಕಟ್ಟಿದ ಮೇಲೇ ಗೊತ್ತಾಗೋದು. ಒಮ್ಮೆ ಹಾಗೆ ಜಗಳವಾಡಿದ ಜೋಡಿಯನ್ನು ಮತ್ತೆ ಸೇರಿಸುವುದು ಇನ್ನೂ ಕಷ್ಟ.

ನಮ್ಮ ಮನೆಯ ಎರಡು ಮೊಲಗಳಲ್ಲಿ ರಾಗಿ ಮೊದಲಿಂದ ಇದ್ದಳು, ಗುಂಡ ಆಮೇಲೆ ಬಂದವನು. ಪಂಜರಕ್ಕೆ ಕೈ ಹಾಕಿದರೆ ಗುರ್ ಅಂದು ಮುಂಗಾಲಲ್ಲಿ ಬಾರಿಸುತ್ತಿದ್ದಳು. ನೆಂಟರೆಲ್ಲ ಕೊಬ್ಬು ಅಂದರು. ಕೊಬ್ಬಲ್ಲ ಸ್ವಾಮಿ, ಅದು ಅವಳ ಜಾಗ! ಅವಳು ಹೊರಗಿದ್ದಾಗ ಪಂಜರ ತೊಳೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಹೊಡೆಯಬೇಡಿ, ಹೆದರಿದ ಮೊಲ ಜಾಸ್ತಿ ಕಚ್ಚುತ್ತದೆ. ಸುಮ್ಮನಿದ್ದ ಮೊಲ ದಿಢೀರನೆ ಕಚ್ಚತೊಡಗಿದರೆ ಹಲ್ಲು, ಹೊಟ್ಟೆ ತೋರಿಸಿ, ನೋವಿರಬಹುದು.

ಜೊತೆ ಮಾಡಬೇಕು ಅಂದರೆ ಮೊದಲು ಎರಡಕ್ಕೂ ಮರಿಯಾಗದ ಹಾಗೆ ಆಪರೇಷನ್. ಇಲ್ಲಿ ಹಸು, ಕುರಿ ನೋಡುವ ಡಾಕ್ಟರೇ ಹೆಚ್ಚು, ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇದೆಯಾ ಅಂತ ನೇರವಾಗಿ ಕೇಳಿ. ನಾವು ಬೆಂಗಳೂರಿಗೇ ಹೋದೆವು. ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ನಾಯಿ ಬೆಕ್ಕಿನ ಹಾಗೆ ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬಾರದು. "ಏನೂ ಕೊಡಬೇಡಿ" ಅಂದವರಿಗೆ ನಮಸ್ಕಾರ ಹೇಳಿ ಬೇರೆಯವರನ್ನು ಹುಡುಕಿ. ಇನ್ನೊಂದು ಮಾತು, ಗಂಡಿಗೆ ಆಪರೇಷನ್ ಆದ ಮೇಲೂ 4ರಿಂದ 6 ವಾರ ಮರಿಯಾಗುವ ಸಾಧ್ಯತೆ ಇರುತ್ತದೆ. ಆತುರ ಬಿದ್ದರೆ ಸುಮಾರು 31 ದಿನಕ್ಕೆ ಮನೆ ತುಂಬ ಮರಿ, ಹಾಕಿದ ದಿನವೇ ತಾಯಿ ಮತ್ತೆ ಗಬ್ಬ ಆಗಬಹುದು.

ಆಮೇಲೆ ಅಕ್ಕಪಕ್ಕದ ಪಂಜರ. ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಜಾಲರಿಯಲ್ಲೇ ಮೂಗು ಕಚ್ಚುತ್ತವೆ. ಇವಳ ಹಾಸು ಅವನಿಗೆ, ಅವನದು ಇವಳಿಗೆ ಹಾಕಿ, ವಾಸನೆ ಅಭ್ಯಾಸವಾಗಲಿ. ಎರಡೂ ಕಾಲಿಡದ ಜಾಗದಲ್ಲಿ ಮುಖಾಮುಖಿ ಮಾಡಿಸಿ. ನಮಗೆ ಮಹಡಿ ಆಯಿತು, ಅದೂ ಹೊತ್ತು ಮುಳುಗಿದ ಮೇಲೆ, ನಮ್ಮೂರ ಏಪ್ರಿಲ್ ಬಿಸಿಲು ಮೊಲಕ್ಕೆ ಆಗಿಬರುವುದಿಲ್ಲ. ಶಿಡ್ಲಘಟ್ಟದ ಕಡೆಯಿಂದ ಬರುವ ಹಿಪ್ಪುನೇರಳೆ ಸೊಪ್ಪು ಹರಡಿದರೆ ಎರಡೂ ಬಾಯಾಡಿಸುತ್ತ ಸಿಟ್ಟು ಮರೆಯುತ್ತವೆ. ರೇಷ್ಮೆ ಹುಳಕ್ಕೆ ಹಾಕೋ ಸೊಪ್ಪು, ಆದರೂ ಔಷಧಿ ಹೊಡೆದಿದ್ದಾರಾ ಅಂತ ಕೇಳಿಯೇ ತನ್ನಿ.

ಬೆನ್ನೇರುವುದು, ಸ್ವಲ್ಪ ಅಟ್ಟಾಡಿಸುವುದು, ಒಂದೆರಡು ಎಳೆ ಕೂದಲು ಹಾರುವುದು ಮಾಮೂಲು, ಯಾರು ಮೇಲು ಅನ್ನೋ ಲೆಕ್ಕ ಅದು. ತಲೆಯ ಕಡೆಯಿಂದ ಏರಿದರೆ ಮಾತ್ರ ಇಳಿಸಿ, ಕೆಳಗಿರೋದು ಕಚ್ಚಬಾರದ ಕಡೆ ಕಚ್ಚುತ್ತದೆ. ಕಿವಿ ಹಿಂದಕ್ಕೆ ಅಂಟಿ, ಬಾಲ ಎದ್ದರೆ ತಕ್ಷಣ ನಡುವೆ ಮೊರ ಇಡಿ. ಬರಿಗೈ ಹಾಕಿದರೆ ಹೊಲಿಗೆ ಗ್ಯಾರಂಟಿ.

ಇಷ್ಟಾದರೂ ಕೆಲವು ಜೋಡಿ ಸೇರುವುದೇ ಇಲ್ಲ. ಅಕ್ಕಪಕ್ಕದ ಪಂಜರದಲ್ಲೇ ಇರಲಿ, ಏನೀಗ? ಎರಡು ಪಂಜರಕ್ಕೆ ಜಾಗ ಇಲ್ಲ ಅಂದರೆ ಎರಡನೇ ಮೊಲ ತರಬೇಡಿ, ಅಂಗಡಿಯವನು "ಎರಡೂ ಹೆಣ್ಣೇ ಸಾರ್, ಜಗಳ ಆಡಲ್ಲ" ಅಂತ ಎಷ್ಟೇ ಆಣೆ ಮಾಡಲಿ.