ಪತ್ರಿಕೆಯ ಕಿರುಚಿತ್ರವೂ ಅಡಿಕೆ ಧಾರಣೆಯೂ

ಮಲೆನಾಡಿನಿಂದ ಬಂದು ಚೆನ್ನೈನಲ್ಲಿ ನೆಲೆಸಿರುವ ನನಗೆ, ಪತ್ರಿಕೆಗಳು ಸಿನಿಮಾ ಮಾದರಿಯ ಜಾಹೀರಾತುಗಳಿಂದ ತಮ್ಮನ್ನೇ ಬ್ರ್ಯಾಂಡ್ ಆಗಿ ಮಾರಿಕೊಳ್ಳುವ ರೀತಿ ಇಂದಿಗೂ ಪೂರ್ತಿ ಒಗ್ಗಿಲ್ಲ. 2008ರಲ್ಲಿ ಟೈಮ್ಸ್ ಆಫ್ ಇಂಡಿಯಾ ಇಲ್ಲಿ ಆವೃತ್ತಿ ಆರಂಭಿಸಿದಾಗ, ಭಾರೀ ಕಟೌಟ್‌ನ ಏಳುಬೀಳನ್ನು ಜನಪ್ರಿಯ ತಮಿಳು ಹಾಡಿನ ಲಯಕ್ಕೆ ಹೊಂದಿಸಿದ ಕಿರುಚಿತ್ರವೊಂದನ್ನು ಹೊರತಂದಿತು. ಮರುವರ್ಷ ಅದಕ್ಕೆ ಕಾನ್ ಜಾಹೀರಾತು ಉತ್ಸವದಲ್ಲಿ ಚಿನ್ನದ ಪ್ರಶಸ್ತಿಯೂ ಬಂತು. ಕೌಶಲಕ್ಕೆ ತಲೆದೂಗಲೇಬೇಕು, ಆದರೆ ಅದರಲ್ಲಿ ಕಾಣುವುದು ಊರು, ಸುದ್ದಿಮನೆಯಲ್ಲ.

ಮುಂದೆ, 1878ರಿಂದ ಇಲ್ಲಿ ಬೇರೂರಿರುವ ದಿ ಹಿಂದೂ ಪತ್ರಿಕೆಯನ್ನು ಓದಿದರೆ ನಿದ್ದೆ ಬರುತ್ತದೆಂದು ಟೈಮ್ಸ್ ಹೆಸರೆತ್ತದೆ ಕುಟುಕಿತು. 2012ರಲ್ಲಿ ಹಿಂದೂ ತಿರುಗೇಟು ಕೊಟ್ಟಿತು: ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ತಡವರಿಸುವ ಯುವಕರು ಸಿನಿಮಾ ತಾರೆಯರ ಬಗ್ಗೆ ಕೇಳಿದೊಡನೆ ಥಟ್ಟನೆ ಉತ್ತರಿಸುತ್ತಾರೆ, ಯಾವ ಪತ್ರಿಕೆ ಓದುತ್ತೀರಿ ಎಂದಾಗ ಧ್ವನಿ ಮರೆಮಾಡಿದ್ದರೂ ತುಟಿ ನೋಡಿದವರಿಗೆ ಹೆಸರು ತಿಳಿಯುತ್ತದೆ. ನಾನೂ ನಕ್ಕಿದ್ದೇನೆ. ಆದರೂ ಎರಡು ಕಡೆಯವರೂ ಮಾರಿದ್ದು ಸುದ್ದಿಯನ್ನಲ್ಲ, ಓದುಗನ ಅಂತಸ್ತನ್ನು.

ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಪತ್ರಿಕೆ ಬಂದೊಡನೆ ಹಿರಿಯರು ತಿರುವುವುದು ಅಡಿಕೆ ಧಾರಣೆಯನ್ನು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ಬಗೆಗಳ ಕನಿಷ್ಠ, ಗರಿಷ್ಠ ದರ ನೋಡಿಕೊಂಡು, ಮಳೆಗಾಲವಾದರೆ ಲಿಂಗನಮಕ್ಕಿ ಜಲಾಶಯದ ನೀರು ಗರಿಷ್ಠ ಮಟ್ಟವಾದ 1819 ಅಡಿಗೆ ಇನ್ನೆಷ್ಟು ಬಾಕಿಯೆಂದು ಲೆಕ್ಕ ಹಾಕಿ, ಆಮೇಲೆ ಮುಖಪುಟಕ್ಕೆ ಬರುತ್ತಾರೆ. ಈಗ ದರ ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಸಿಗುತ್ತದೆ, ನಿಜ. ಆದರೆ ಮಾತಿಗೆ ಮಾತು ಬೆಳೆದಾಗ ಎದುರಿಗೆ ಹಿಡಿಯುವುದು ಅಚ್ಚಾದದ್ದನ್ನೇ. 1999ರಲ್ಲಿ ಆರಂಭವಾದ ವಿಜಯ ಕರ್ನಾಟಕ ಕೂಡ ಬೇಗ ಬೆಳೆದದ್ದು ಕಡಿಮೆ ಬೆಲೆ ಮತ್ತು ಹಲವು ಊರುಗಳ ಆವೃತ್ತಿಗಳಿಂದ, ಕಿರುಚಿತ್ರದಿಂದಲ್ಲ.

ಮಹಾನಗರದ ಪತ್ರಿಕೆಗೆ ಈ ಆಡಂಬರ ಬೇಕಾಗುವುದಕ್ಕೂ ಕಾರಣವಿದೆ. ಓದುಗ ಕೊಡುವ ಬೆಲೆಯಿಂದ ಮುದ್ರಣದ ಖರ್ಚೂ ಹುಟ್ಟುವುದಿಲ್ಲ, ಉಳಿದದ್ದನ್ನು ತುಂಬಬೇಕಾದವರು ಜಾಹೀರಾತುದಾರರು. ಹೀಗಾಗಿ ಇಂಥ ಚಿತ್ರಗಳು ಓದುಗನ ಕಡೆ ನೋಡುತ್ತಲೇ, ಕಾರು, ಚಿನ್ನ, ಫ್ಲ್ಯಾಟ್ ಮಾರುವವರಿಗೆ ‘ನಮ್ಮ ಓದುಗರು ಇಂಥವರು’ ಎಂದು ಸಾರುತ್ತವೆ.

ನನಗೆ ಮೆಚ್ಚುಗೆಯಾದದ್ದು ಇಂಗ್ಲೆಂಡಿನ ಗಾರ್ಡಿಯನ್ 1986ರಲ್ಲಿ ಮಾಡಿಸಿದ ಜಾಹೀರಾತು. ತಲೆ ಬೋಳಿಸಿಕೊಂಡ ಯುವಕನೊಬ್ಬ ಓಡುತ್ತಾನೆ. ಇನ್ನೊಂದು ಕೋನದಿಂದ ನೋಡಿದರೆ ದಾರಿಹೋಕನ ಮೇಲೆ ಎರಗುವಂತೆ ಕಾಣುತ್ತಾನೆ. ಮೂರನೆಯ ಕೋನದಿಂದ ಮಾತ್ರ, ಮೇಲಿಂದ ಬೀಳುತ್ತಿರುವ ಇಟ್ಟಿಗೆಗಳಿಂದ ಆ ದಾರಿಹೋಕನನ್ನು ಪಾರುಮಾಡುತ್ತಿರುವುದು ತಿಳಿಯುತ್ತದೆ. ಹಾಡಿಲ್ಲ, ತಾರೆಯಿಲ್ಲ, ಪತ್ರಿಕೆಯ ಕೆಲಸವೇ ಕಥೆ.

ಶಿವಮೊಗ್ಗದ ಎಪಿಎಂಸಿ ಮಾರುಕಟ್ಟೆಯಲ್ಲಿ ಅಡಿಕೆ ಟೆಂಡರ್ ಮುಗಿದ ಮೇಲೆ ದರ ಬರೆದುಕೊಂಡು ಕಳಿಸುವ ವರದಿಗಾರನನ್ನು, ಒಂದು ಅಂಕಿ ತಪ್ಪಿದರೆ ಮರುದಿನ ಬರುವ ಫೋನ್ ಕರೆಗಳ ಸಮೇತ, ಕನ್ನಡ ಪತ್ರಿಕೆಯೊಂದು ಹಾಗೆ ತೋರಿಸಬಹುದು. ಅದರಿಂದ ಕಾರು, ಫ್ಲ್ಯಾಟಿನ ಜಾಹೀರಾತು ಬರುವುದು ಮಾತ್ರ ಅನುಮಾನ.