ಸತ್ಯಾಂಶ: ಬುದ್ಧಿಶಕ್ತಿಯ ಪ್ರಶ್ನಾವಳಿ ನಿಮ್ಮ ವೃತ್ತಿಯನ್ನು ನಿರ್ಧರಿಸಬಲ್ಲದೇ?

ಪ್ರಶ್ನಾವಳಿಯೊಂದನ್ನು ತುಂಬಿದರೆ ನಿಮ್ಮ ಬುದ್ಧಿಶಕ್ತಿಯ ಬಗೆ ತಿಳಿಯುತ್ತದೆ, ಅದಕ್ಕೆ ಹೊಂದುವ ವೃತ್ತಿಯನ್ನೇ ಆರಿಸಿಕೊಳ್ಳಬೇಕು, ಇದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ ಸಾಬೀತುಪಡಿಸಿದ್ದಾರೆ ಎಂಬ ಸಂದೇಶ ಶಿಕ್ಷಣ ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಗಾರ್ಡ್ನರ್ 1983ರಲ್ಲಿ ಭಾಷೆ, ತರ್ಕ ಮತ್ತು ಗಣಿತ, ಸಂಗೀತ, ದೇಹಚಲನೆ, ಸ್ಥಳಗ್ರಹಿಕೆ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂಬ ಏಳು ಬುದ್ಧಿಶಕ್ತಿಗಳನ್ನು ಮಂಡಿಸಿ, ಮುಂದೆ ನಿಸರ್ಗಕ್ಕೆ ಸಂಬಂಧಿಸಿದ ಎಂಟನೆಯದನ್ನು ಸೇರಿಸಿದರು. ಆದರೆ ಒಬ್ಬರಿಗೆ ಒಂದೇ ಬಗೆ ಎಂದು ಅವರು ಹೇಳಲಿಲ್ಲ. ಇವೆಲ್ಲವೂ ಎಲ್ಲರಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ ಎಂಬುದೇ ಅವರ ವಾದ. ಇವು ಪರಸ್ಪರ ಸ್ವತಂತ್ರವಾದ ಶಕ್ತಿಗಳೆಂಬುದನ್ನು ಅನೇಕ ಮನೋವಿಜ್ಞಾನಿಗಳು ಒಪ್ಪಿಯೂ ಇಲ್ಲ.

ಪ್ರಶ್ನಾವಳಿಯನ್ನೇ ಗಮನಿಸಿ. ‘ಹಾಡು ಗುನುಗುವುದು ನನಗೆ ಇಷ್ಟ’ ಎಂಬ ಹೇಳಿಕೆಗೆ ಐದಕ್ಕೆ ಐದು ಅಂಕ ಕೊಟ್ಟುಕೊಂಡವರು ಶ್ರುತಿ ತಪ್ಪಿದ್ದನ್ನು ಗುರುತಿಸಬಲ್ಲರು ಎಂದೇನೂ ಅಲ್ಲ. ಅಲ್ಲಿ ದಾಖಲಾಗುವುದು ಒಲವು, ಸಾಮರ್ಥ್ಯವಲ್ಲ. ಒಲವು ವೃತ್ತಿಯ ಆಯ್ಕೆಯಲ್ಲಿ ಮುಖ್ಯವೇ, ಆದರೆ ಅದೊಂದೇ ಸಾಲದು.

ಭಿನ್ನರಾಶಿಯನ್ನು ಕಲಿಸುವವರು ಲೆಕ್ಕವನ್ನು ಅರಿತಿರಬೇಕು, ಸರಳ ಮಾತಿನಲ್ಲಿ ವಿವರಿಸಬೇಕು, ಅರ್ಥವಾಗದ ಮಗುವಿನ ಮುಖವನ್ನೂ ಓದಬೇಕು. ಇವೆಲ್ಲ ಬಹುಮಟ್ಟಿಗೆ ಅಭ್ಯಾಸದಿಂದ ಬರುವಂಥವು. ‘ಪರರನ್ನು ಅರಿಯುವ’ ಕಲಂನಲ್ಲಿ ಅಂಕ ಕಡಿಮೆ ಬಂತೆಂದು ತರಗತಿಯ ಅಭ್ಯಾಸಬೋಧನೆಗೂ ಮೊದಲೇ ಯಾರೂ ಶಿಕ್ಷಕ ವೃತ್ತಿಯನ್ನು ಕೈಬಿಡಬೇಕಾಗಿಲ್ಲ.